ಆಶೀರ್ವಾದ ಹೇಳದೆ ಹೊರಟ ಅಯ್ಯನವರು

ತೊಂಬತ್ತರ ದಶಕದ ಕೊನೆಗೆ, ಬೆಂಗಳೂರಿನ ದಂಡು ಪ್ರದೇಶದ ನಮ್ಮ ಮೆಥಡಿಸ್ಟ್ ಸಭೆಯಲ್ಲಿ ಅಯ್ಯನವರ, ಅಂದರೆ ನಮ್ಮ ಪಾದ್ರಿಯ, ಮೇಲಿನ ದೂರು ಕೇಳುವ ಕಮಿಟಿಗೆ ನನ್ನನ್ನು ಹಾಕಿದರು. ಸ್ಕೂಲ್ ಟೀಚರ್, ಗಲಾಟೆ ಅಭ್ಯಾಸ ಇರುತ್ತೆ ಅಂತ. ದೂರುಗಳೋ, ಒಂದಕ್ಕಿಂತ ಒಂದು ಚೆಂದ! ಭಾನುವಾರದ ಪ್ರಸಂಗ ಉದ್ದವಾಯಿತು, ಗಿಡ್ಡವಾಯಿತು, ಅಯ್ಯನವರ ಹೆಂಡತಿ ನಗುವುದೇ ಇಲ್ಲ. "ಅವರ ಎದುರಿಗೇ ಹೇಳಿ" ಅಂದರೆ ಮುಕ್ಕಾಲು ಜನ ನಾಪತ್ತೆ.

ಮರ್ಫಿ ಟೌನಿನ ಒಬ್ಬ ವಿಧವೆ ಮಾತ್ರ ಎದುರಿಗೇ ಹೇಳ್ತೀನಿ ಅಂತ ಬಂದು ಕೂತರು. ಅವರ ಗಂಡ ತೀರಿಕೊಂಡಾಗ ಕೆ.ಆರ್. ಪುರದ ಆಸ್ಪತ್ರೆಯಿಂದ ಹೆಣ ತರುತ್ತಿದ್ದ ವ್ಯಾನು ಟಿನ್ ಫ್ಯಾಕ್ಟರಿ ಹತ್ತಿರದ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು, ಹೂಳುವುದು ತಡವಾಗಿತ್ತು. ಅಯ್ಯನವರು ಪೆಟ್ಟಿಗೆಯ ಮೇಲೆ ಹಿಡಿ ಮಣ್ಣು ಹಾಕಿದವರೇ, ಕಡೆಯ ಆಶೀರ್ವಾದ ಹೇಳದೆ ಇಂದಿರಾನಗರದಲ್ಲಿ ಮದುವೆ ಮಾಡಿಸೋಕೆ ಹೊರಟುಬಿಟ್ಟಿದ್ದರು.

"ಯಾಕೆ ಹೋದ್ರಿ?" ಅಂದೆ.

"ಮದುವೆಯವರು ಸ್ಮಶಾನದ ಗೇಟಿಗೇ ಕಾರು ಕಳಿಸಿದ್ರು. ಹಾರ್ನ್ ಹೊಡೀತಾನೇ ಇದ್ರು," ಅಂದರು ಅಯ್ಯನವರು. ಇನ್ನೂ ಎಳೆಯ ಮನುಷ್ಯ. ಮುಖ ಸಪ್ಪಗಾಗಿತ್ತು. ನನಗೇನೂ ಅಯ್ಯೋ ಅನಿಸಲಿಲ್ಲ.

ಕಮಿಟಿಯ ಗಂಡಸರಿಗೆ ಹಬ್ಬವೋ ಹಬ್ಬ. ಅಯ್ಯನವರನ್ನು ಎತ್ತಂಗಡಿ ಮಾಡಿಸೋಕೆ ವರ್ಷದಿಂದ ಕಾಯುತ್ತಿದ್ದರು. "ಬಿಷಪ್ಪರ ಹತ್ರಾನೇ ಹೋಗೋಣ. ನೀವು ಹೂಂ ಅನ್ನಿ ಸಾಕು ಆಂಟಿ," ಅಂದರು ಒಬ್ಬರು.

"ಎತ್ತಂಗಡಿ ಬೇಕಾಗಿರೋದು ನಿಮ್ಗೆ," ಅಂದರು ಆಕೆ. "ನಮ್ಮೆಜಮಾನ್ರು ಅರ್ಧ ಪ್ರಾರ್ಥನೇಲೇ ಮಲಗವ್ರೆ. ನನಗೆ ಅನ್ನ ಇಳೀತಿಲ್ಲ. ಇವರು ಬಂದು ಉಳಿದಿದ್ದು ಹೇಳ್ಲಿ. ಆಮೇಲೆ ನಿಮ್ಮ ಕಮಿಟಿ ಏನಾದ್ರೂ ಮಾಡ್ಕೊಳ್ಳಿ."

ನನಗೆ ಒಳಗೊಳಗೇ ಖುಷಿಯಾಯಿತು.

ಮಾರನೆಯ ದಿನ ಬೆಳಿಗ್ಗೆ ಸಮಾಧಿಯ ಹತ್ತಿರ ನಾವು ಮೂವರೇ. ಹೂವೆಲ್ಲ ಒಣಗಿತ್ತು, ಮಣ್ಣು ಕುಸಿದಿತ್ತು. ಬಿಳಿ ನಿಲುವಂಗಿಯಲ್ಲೇ ಬಂದಿದ್ದ ಅಯ್ಯನವರು ಮೊಣಕಾಲೂರಿ ಪ್ರಾರ್ಥನೆ ಮಾಡಿದರು, ಎದ್ದು ನಿಂತು ಕೈ ಚಾಚಿ ಆಶೀರ್ವಾದ ಹೇಳಿದರು. ಆಕೆ ಗಟ್ಟಿಯಾಗಿ "ಆಮೆನ್" ಅಂದರು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅಯ್ಯನವರು ಹೊರಡಲೇ ಇಲ್ಲ. ತಲೆ ತಗ್ಗಿಸಿಕೊಂಡು ನಿಂತೇ ಇದ್ದರು. ಆಕೆಯೂ ಸುಮ್ಮನೆ ಸಮಾಧಿ ನೋಡುತ್ತಿದ್ದರು. ಬಿಸಿಲೇರಿತು. ನನಗೆ ಸ್ಕೂಲಿಗೆ ಹೊತ್ತಾಗುತ್ತಿತ್ತು, ಆದರೂ ಅಲ್ಲೇ ನಿಂತೆ.

ಕೊನೆಗೆ ಆಕೆ ಬಗ್ಗಿ, ಅವರ ನಿಲುವಂಗಿಗೆ ಅಂಟಿದ್ದ ಮಣ್ಣು ಕೊಡವಿದರು.

"ಈಗ ಹೋಗಿ, ಅಯ್ಯನೋರೇ," ಅಂದರು.