ನನ್ನ ಎದೆಯ ಟೈಮ್‌ಟೇಬಲ್

ಅಪ್ಪ ಮಾಟುಂಗದ ರೈಲ್ವೆ ಕ್ಯಾಬಿನ್‌ನಲ್ಲಿ ಸಿಗ್ನಲ್ ಕೊಡುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಸಾರು ಕುದಿಯುವುದೂ ಗಡಿಯಾರ ನೋಡಿಕೊಂಡೇ. ಐವತ್ತರ ದಶಕದ ಕೊನೆಯಲ್ಲಿ ನಾನು ಪರೇಲ್‌ನ ಆಸ್ಪತ್ರೆಯೊಂದಕ್ಕೆ ಇ.ಸಿ.ಜಿ. ಕಲಿಯಲು ಸೇರಿದಾಗ, ನನ್ನ ತಲೆಗೆ ಹತ್ತದ ಲೆಕ್ಕ ಬಿಡಿಸಿಕೊಟ್ಟವರೂ ಅವರೇ.

ಎದೆಬಡಿತ ಬರೆದುಕೊಳ್ಳುವ ಕಾಗದದ ಪಟ್ಟಿ ನಿಮಿಷಕ್ಕೆ ಸಾವಿರದೈನೂರು ಸಣ್ಣ ಚೌಕ ಓಡುತ್ತದೆ. ಎರಡು ಬಡಿತಗಳ ನಡುವೆ ಇಪ್ಪತ್ತು ಚೌಕವಿದ್ದರೆ ನಿಮಿಷಕ್ಕೆ ಎಪ್ಪತ್ತೈದು ಬಡಿತ. ಇಪ್ಪತ್ತೈದು ಚೌಕವಿದ್ದರೆ ಅರವತ್ತೇ. ಚೌಕ ಹೆಚ್ಚಿದರೆ ಬಡಿತ ಯಾಕೆ ಕಡಿಮೆಯಾಗಬೇಕು ಎಂದು ನಾನು ಗೊಣಗಿದೆ.

“ಐದ ಮಿನಿಟಿಗೊಂದ ಲೋಕಲ್ ಬಿಟ್ರ ತಾಸಿಗೆ ಹನ್ನೆರಡ ಆತು. ಹತ್ತ ಮಿನಿಟಿಗೊಂದ ಬಿಟ್ರ ಆರ. ಇಷ್ಟ ಅಲ್ಲೇನವಾ?” ಎಂದರು ಅಪ್ಪ. ಅಷ್ಟಕ್ಕೇ ಬಿಡದೆ, “ಅಂತರ ಏರುಪೇರಾತಂದ್ರ ಲೈನಿನ್ಯಾಗ ಏನೋ ಕೆಟ್ಟೈತಿ ಅಂತ ತಿಳಿ” ಎಂದೂ ಸೇರಿಸಿದರು.

ಎಡವಟ್ಟಾದದ್ದು ಆ ಎರಡನೆಯ ಮಾತಿನಿಂದ. ಅಭ್ಯಾಸಕ್ಕೆಂದು ನನ್ನದೇ ಪಟ್ಟಿ ತೆಗೆಸಿಕೊಂಡೆ. ಹದಿನೆಂಟು, ಇಪ್ಪತ್ತು, ಇಪ್ಪತ್ತೈದು, ಮತ್ತೆ ಹದಿನೆಂಟು. ಒಂದು ಅಂತರದ ಹಾಗೆ ಅದರ ಪಕ್ಕದ್ದಿಲ್ಲ! ಮುಂದಿನ ತಿಂಗಳೇ ನನ್ನ ಮದುವೆ. ಹೃದಯ ಕೆಟ್ಟ ಹುಡುಗಿ ಎಂದು ಗೊತ್ತಾದರೆ ಯಾರು ಕಟ್ಟಿಕೊಳ್ಳುತ್ತಾರೆ? ಪಟ್ಟಿಯನ್ನು ಊಟದ ಡಬ್ಬಿಯ ಚೀಲದಲ್ಲಿ ಬಚ್ಚಿಟ್ಟು, ಮೂರು ದಿನ ಸಾಯುವವಳ ಮುಖ ಹೊತ್ತು ತಿರುಗಿದೆ. ಡಬ್ಬಿ ಮಾತ್ರ ದಿನವೂ ಖಾಲಿಯಾಗುತ್ತಿತ್ತು, ಅದು ಬೇರೆ ಮಾತು.

ನಮಗೆ ಕಲಿಸುತ್ತಿದ್ದ ಡಾಕ್ಟರಮ್ಮ ಉಡುಪಿ ಕಡೆಯವರು. ನಾಲ್ಕನೆಯ ದಿನ, ನಾನು ಸದಾ ನನ್ನ ನಾಡಿ ಹಿಡಿದು ಕೂರುವುದನ್ನು ಕಂಡು ಬಾಯಿ ಬಿಡಿಸಿದರು. ಮತ್ತೆ ಯಂತ್ರದ ತಂತಿ ಕಟ್ಟಿ, “ಉಸಿರು ಎಳೆದುಕೊ” ಎಂದರು. ಅಂತರ ಕಿರಿದಾಯಿತು. “ಈಗ ಮೆಲ್ಲ ಬಿಡು” ಎಂದರು. ಹಿಗ್ಗಿತು.

“ಎಂತ ಹೆದರಿಕೆ ಮಾರಾಯ್ತಿ? ಸಣ್ಣ ಪ್ರಾಯದ ಗಟ್ಟಿ ಹೃದಯ ಹೀಗೇ, ಉಸಿರಿನ ಒಟ್ಟಿಗೆ ಹೋಗ್ತದೆ. ಪ್ರಾಯ ಆದ ಹಾಗೆ ಈ ವ್ಯತ್ಯಾಸ ಕಡಿಮೆ ಆಗ್ತದೆ.”

ಬದುಕಿದೆನಲ್ಲ ಎಂಬ ಖುಷಿಯಲ್ಲಿ ಮನೆಗೆ ಬಂದು ಅಪ್ಪನಿಗೆ ನನ್ನ ಮೂರು ದಿನದ ಫಜೀತಿ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ತಾವೂ ಕೈ ಚಾಚಿದರು. ನಾಡಿ ಹಿಡಿದು ದೀರ್ಘವಾಗಿ ಉಸಿರಾಡಿಸಿದೆ. ಎಳೆದುಕೊಂಡರೂ ಬಿಟ್ಟರೂ ನನ್ನ ಬೆರಳಿಗೆ ಒಂದೇ ಅಂತರ.

“ನೋಡಿದೇನು? ನಂದು ರೈಟ್ ಟೈಮ್!” ಎಂದು ಬೀಗಿದರು.

“ಹೌದ ಅಪ್ಪಾ, ಖರೇನ ರೈಟ್ ಟೈಮ್” ಎಂದೆ. ಡಾಕ್ಟರಮ್ಮ ಪ್ರಾಯದ ಬಗ್ಗೆ ಅಂದದ್ದು ನೆನಪಾಯಿತು; ಅಪ್ಪ ರಿಟೈರ್ ಆಗಲು ಒಂದೇ ವರ್ಷವಿತ್ತು. ಎಣಿಸುವ ನೆಪದಲ್ಲಿ ಇನ್ನೂ ಒಂದು ನಿಮಿಷ ಆ ಕೈ ಹಿಡಿದೇ ಕೂತೆ.