ಸ್ವಾಮಣ್ಣನ ಸಾವನ್ನು ನೆಪ ಮಾಡಿಕೊಳ್ಳಲಾರೆ

ಸುಳ್ಳು ಅಂದುಕೊಂಡೆ…
ಬೆಳಿಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಹಾರ ಹಾಕಿದ ಫೋಟೋ ನೋಡಿ, ಯಾರೋ ತಲೆಕೆಟ್ಟವರು ಹಾಕಿದ್ದಾರೆ ಅಂತ ಬೈದುಕೊಂಡೆ.
ನಿನ್ನೆ ಸಂಜೆ ತಾನೇ ಜೀಪ್ ತೊಳೆಯುತ್ತಾ ನನ್ನ ಮೇಲೆ ನೀರು ಎರಚಿ ನಕ್ಕಿದ್ದ ಮನುಷ್ಯ…
ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು.
"ಓಗ್ಬುಟ್ರು ಕಣಪ್ಪ… ಕೂತಂಗೇ ಓಗ್ಬುಟ್ರು…"
ಹಾರ್ಟ್ ಅಟ್ಯಾಕ್ ಅಂತೆ.

ನಮ್ಮ ಸ್ವಾಮಣ್ಣ.
ಬಂಡೀಪುರದ ಕಾಡಿನಲ್ಲಿ ಇಪ್ಪತ್ತು ವರ್ಷ ಇಲಾಖೆಯ ಜೀಪ್ ಓಡಿಸಿದವರು. ನಾನು ಅಲ್ಲೇ ಕಾಡು ಕಾಯುವ ವಾಚರ್. ಆರು ವರ್ಷ ಅವರ ಪಕ್ಕದ ಸೀಟಿನಲ್ಲಿ ಕೂತು ಬೈಸಿಕೊಂಡವನು.

ಈಗ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದೇನೆ. ಅಲ್ಲಿಂದ ಅವರ ಊರು ಉಮ್ಮತ್ತೂರಿಗೆ ಹೋಗಬೇಕು.
ನಾಲ್ಕು ಗಂಟೆಗೆ ಮಣ್ಣು.
ನನ್ನ ಅಣ್ಣ ಒಂದೇ ಸಮನೆ ಫೋನ್ ಮಾಡುತ್ತಿದ್ದಾನೆ.
"ಸಾವಿನ್ ಮನೆ ತಾವ್ಕೆ ಓಗ್ಬೇಡ ಕಣ್ಲಾ. ನಾಳೆ ಶಾಸ್ತ್ರ ಮಡೀಕಂಡು ಯಾರಾರ ಹೆಣ ನೋಡಕ್ಕೋದಾರಾ?"

ಹೌದು… ನಾಳೆ ಹತ್ತು ಗಂಟೆಗೆ ನನ್ನ ವೀಳ್ಯಶಾಸ್ತ್ರ. ಎಲೆ ಅಡಿಕೆ ಬದಲಾಯಿಸಿಕೊಂಡರೆ ಮದುವೆ ನಿಕ್ಕಿ.
ಈ ಪೋಸ್ಟ್ ಓದುವ ನೆಂಟರಿಗೆಲ್ಲ ಅಣ್ಣ ಹೇಳಿಕಳಿಸಿದ್ದಾನೆ. ಕಾಡಿನ ಕ್ಯಾಂಪಿನಲ್ಲಿ ಜೊತೆಗಿರುವವರಿಗೆ ನಾನೇ ಹೇಳಿಲ್ಲ.
ನಿಮಗ್ಯಾರಿಗೂ ಗೊತ್ತಿಲ್ಲದ ಒಂದು ವಿಷಯ ಇದೆ.
ನನಗೆ ಈ ಸಂಬಂಧ ಬೇಡ.

ಹುಡುಗಿಯದು ಏನೂ ತಪ್ಪಿಲ್ಲ. ಒಂದೇ ಸಲ ನೋಡಿದ್ದೇನೆ.
ಮದುವೆಯಾದ ಮೇಲೆ ನಾನು ಕಾಡಿನ ಕೆಲಸ ಬಿಟ್ಟು ಅವರಪ್ಪನ ಗೊಬ್ಬರದ ಅಂಗಡಿ ನೋಡಿಕೊಳ್ಳಬೇಕು ಅಂತ ದೊಡ್ಡವರೆಲ್ಲ ಮಾತಾಡಿಕೊಂಡಿದ್ದಾರೆ.
ನನಗೆ ಕಾಡು ಬೇಕು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುತ್ತಾ ಕಾಲಲ್ಲಿ ಬೊಬ್ಬೆ ಎದ್ದರೂ ಅಲ್ಲೇ ನನಗೆ ಸುಖ.
ಅಣ್ಣ ಕೇಳಿದ ದಿನ ಅದನ್ನು ಹೇಳಲು ಬಾಯಿ ಬರಲಿಲ್ಲ. "ನೋಡನ ಬುಡು" ಅಂದೆ.
ಅವನು ಮಾರನೇ ದಿನವೇ ಹೋಗಿ ದಿನ ಗೊತ್ತು ಮಾಡಿಕೊಂಡು ಬಂದ.

ಸ್ವಾಮಣ್ಣನಿಗೆ ಈ "ನೋಡನ" ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.
ಅವರ ಬಾಯಲ್ಲಿ ಎರಡೇ. ಆಯ್ತದೆ… ಇಲ್ಲವೇ ಆಗಲ್ಲ.
ಆನೆ ಪಕ್ಕ ಸೆಲ್ಫಿ ಬೇಕು, ಜೀಪ್ ನಿಲ್ಲಿಸು ಅಂತ ಎಂಥೆಂಥ ದೊಡ್ಡ ಮನುಷ್ಯರು ಗದರಿಸಿದ್ದಾರೆ. "ಆಗಲ್ಲ ಸಾ." ಅಷ್ಟೇ.
ನಲವತ್ಮೂರನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಕಟ್ಟಿದರು. ಎರಡು ಸಲ ಫೇಲು. ಪ್ರಮೋಷನ್ನಿಗಾ ಅಂತ ನಾವೆಲ್ಲ ರೇಗಿಸಿದೆವು.
"ಓದ್ಬೇಕು ಅನ್ನುಸ್ತು, ಓದ್ತಾವ್ನಿ. ನನ್ ಆಸೆಗೆ ನಿನ್ತಾವ ಪರ್ಮಿಷನ್ ತಕ್ಕಬೇಕೇನ್ಲಾ?" ಅಂದರು.
ಮೂರನೇ ಸಲ ಪಾಸಾದಾಗ ಇಡೀ ಕ್ಯಾಂಪಿಗೆ ಅವರೇ ಮುದ್ದೆ ತಿರುವಿ ಉಪ್ಸಾರು ಬಡಿಸಿದರು.

ಹದಿನೈದು ದಿನದ ಹಿಂದೆ ಅವರಿಗೆ ಕೈ ಮುಗಿದು ಬೇಡಿಕೊಂಡೆ. ನಮ್ಮಣ್ಣನಿಗೆ ನೀವೇ ಹೇಳಿ, ನಿಮ್ಮ ಮಾತಾದರೆ ಕೇಳುತ್ತಾನೆ ಅಂತ.
ಕೆಂಡಾಮಂಡಲ ಆದರು.
"ಬದ್ಕೋನು ನೀನು, ನಾನ್ಯಾಕ್ಲಾ ಏಳ್ಲಿ? ಬೇಕು ಅನ್ನದೂ ಬ್ಯಾಡ ಅನ್ನದೂ ನಿನ್ ಬಾಯಿಂದ್ಲೇ ಬರ್ಬೇಕು. ಇನ್ನೊಬ್ರ ಕೈಲಿ ಏಳ್ಸಿ ಬದುಕುದ್ರೆ ಅದು ಅವರ್ ಬದುಕು, ನಿಂದಲ್ಲ."
ಎರಡು ದಿನ ಮಾತು ಬಿಟ್ಟರು.
ಮೂರನೇ ದಿನ ತಡೆಯಲಾರದೆ ಸುಳ್ಳು ಹೇಳಿದೆ. "ಅಣ್ಣಂಗೆ ಏಳ್ಬುಟ್ಟೆ ಸ್ವಾಮಣ್ಣ."
ನಂಬಿಬಿಟ್ಟರು… ಬೆನ್ನು ತಟ್ಟಿದರು.
ನಾಳೆಗೆ ರಜೆ ಯಾಕೆ ಅಂತ ಅವರು ಕೇಳಿದಾಗಲೂ ಅಮ್ಮನಿಗೆ ಹುಷಾರಿಲ್ಲ ಅಂದಿದ್ದೆ.

ಸ್ವಾಮಣ್ಣ…
ನಿಮಗೊಂದು ನಾಚಿಕೆಗೇಡಿನ ಮಾತು ಹೇಳಬೇಕು.
ನಿಮ್ಮ ಸುದ್ದಿ ಕೇಳಿ ಅತ್ತೆ, ನಿಜ. ಆದರೆ ಅಳುತ್ತಿರುವಾಗಲೇ ಒಂದು ಯೋಚನೆ ಬಂತು.
ಸಾವಿನ ಮನೆಗೆ ಹೋಗಿಬಿಟ್ಟರೆ ಮೈಲಿಗೆ ಅಂತ ಶಾಸ್ತ್ರ ತಾನಾಗಿಯೇ ಮುಂದಕ್ಕೆ ಹೋಗುತ್ತದೆ… ನಾನು ಬಾಯಿ ಬಿಡುವುದೇ ಬೇಡ…
ಬದುಕಿದ್ದಾಗ ನೀವು ಒಪ್ಪಲಿಲ್ಲ. ಈಗ ನಿಮ್ಮ ಹೆಣದ ಕೈಲಿ ಹೇಳಿಸಲು ಹೊರಟಿದ್ದೆ ಸ್ವಾಮಣ್ಣ.
ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕ್ಷಮಿಸಿ.

ಇಷ್ಟು ಬರೆದು ನಿಲ್ಲಿಸಿದ್ದೆ… ಒಂದು ಬಸ್ ಬಂದು ಹೋಯಿತು. ಹತ್ತಲಿಲ್ಲ.
ಮೊದಲು ಅಣ್ಣನಿಗೆ ಫೋನ್ ಮಾಡಿದೆ. "ನಂಗೆ ಬ್ಯಾಡ ಕಣಣ್ಣ. ಸಾವಾಯ್ತು ಅಂತಲ್ಲ. ಮೊದ್ಲಿಂದ್ಲೂ ಬ್ಯಾಡ."
ಬಾಯಿಗೆ ಬಂದ ಹಾಗೆ ಬೈದ. ಕಟ್ ಮಾಡಿದ.

ನೆಂಟರೇ, ನಾಳೆ ಶಾಸ್ತ್ರ ಇಲ್ಲ.
ಸ್ವಾಮಣ್ಣ ಸತ್ತರು ಅಂತ ನಿಂತದ್ದಲ್ಲ. ನಾನು ನಿಲ್ಲಿಸಿದ್ದು.
ಹುಡುಗಿ ಮನೆಯವರನ್ನು ಯಾರೂ ಒಂದು ಮಾತು ಕೇಳಬೇಡಿ. ಬೈಯುವುದಿದ್ದರೆ ಇಲ್ಲೇ ಕಾಮೆಂಟಿನಲ್ಲಿ ನನಗೆ ಬೈಯಿರಿ.

ಆಮೇಲೆ ಹುಡುಗಿಯ ಅಪ್ಪನಿಗೆ ಮಾಡಿದೆ. ಮೂರು ಸಲ ಒತ್ತಿ, ಮೂರು ಸಲ ಕಟ್ ಮಾಡಿ, ನಾಲ್ಕನೇ ಸಲ ಮಾತಾಡಿದೆ.
"ಶಾಮಿಯಾನ ಆಕ್ತಾವ್ರೆ ಕಣಪ್ಪ… ಈಗ ಏಳ್ತಿದ್ದೀಯಲ್ಲ…" ಅಂದರು. ದನಿ ಒಡೆಯಿತು.
ಫೋನ್ ಮಗಳ ಕೈಗೆ ಹೋಯಿತು.
ಅವಳಿಗೂ ಹೇಳಿದೆ. ನಾನು ಕೆಲಸ ಬಿಡಲ್ಲ ಅಂದೆ, ನನ್ನನ್ನು ಯಾರೂ ಸರಿಯಾಗಿ ಕೇಳಲೇ ಇಲ್ಲ ಅಂದೆ.
"ನನ್ನೂ ಯಾರೂ ಕೇಳ್ನಿಲ್ಲ" ಅಂದಳು. "ನೀವಾರ ಒಂದ್ಸಲ ಫೋನ್ ಮಾಡಿ, ನಿಂಗೆ ಇಷ್ಟನಾ ಅಂತ ಕೇಳ್ಬೋದಿತ್ತಲ್ವಾ?"


ನನ್ನ ಬದುಕು, ನನ್ನ ಬದುಕು ಅಂತ ಹದಿನೈದು ದಿನ ನಿದ್ದೆಗೆಟ್ಟೆ. ಅವಳಿಗೂ ಒಂದು ಬದುಕಿದೆ ಅಂತ ಒಂದು ಸಲವೂ ಹೊಳೆಯಲಿಲ್ಲ.
ಇದನ್ನೆಲ್ಲ ಬರೆಯಲಾ ಅಂತ ಕೇಳಿದೆ.
"ಬರೀರಿ. ಹೆಸ್ರು ಆಕ್ಬೇಡಿ" ಅಂದಳು.
ಅವಳನ್ನು ನಾನು ಕೇಳಿದ್ದು ಅದೊಂದೇ.

ಬಸ್ ಬಂತು…
ಬರುತ್ತಿದ್ದೇನೆ ಸ್ವಾಮಣ್ಣ, ಒಂದು ಹಿಡಿ ಮಣ್ಣು ಹಾಕಲು.
ನಿಮ್ಮ ಜೀವ ನೆಮ್ಮದಿಯಾಗಿರಲಿ… ಹೋಗಿ ಬನ್ನಿ.