ನನ್ನ ಹರದೇಶಿ ಕಡಲಿಗೆ ಹೋದ

ಆ ಆಲ್ಬಂ ನಾನು ಮೊದಲು ಕೇಳಿದ್ದು ಪಡಸಾಲೆಯಲ್ಲಿ ಹೆಸರುಕಾಳು ಕೇರುತ್ತ ಕೂತಾಗ, ಸೊಸೆಯ ಮೊಬೈಲಿನಲ್ಲಿ. ಮೊದಲು ಅಲೆಯ ಸಪ್ಪಳ, ಆಮೇಲೆ ಗಿಟಾರ್, ಅದರ ಹಿಂದೆ ಅವನ ದನಿ. ಉಂಡು, ಎಲೆಅಡಿಕೆ ಹಾಕಿಕೊಂಡು, ಅಂಗಾತ ಬಿದ್ದುಕೊಂಡವನ ದನಿ. ಸೊಸೆ ಕಣ್ಣು ಮುಚ್ಚಿ, "ಎಷ್ಟ ಆರಾಮ ಅನಸ್ತೈತಿ ಅಲ್ರಿ ಅತ್ತಿ?" ಅಂದಳು.

"ಬಂದ್ ಮಾಡ ಅದನ್ನ," ಅಂದೆ. ಮೈಯೆಲ್ಲ ಉರಿದುಹೋಗಿತ್ತು.

ಅವನು ಯಾರೆಂದು ಹೇಳದೆ ನನ್ನ ಸಿಟ್ಟು ತಿಳಿಯುವುದಿಲ್ಲ. ನಾನು ನವಲಗುಂದದ ಕಡೆಯ ಗೀಗೀ ಪದದ ಹಾಡುಗಾರ್ತಿ, ಅವನು ಯರಗುಪ್ಪಿ ಕಡೆಯವನು. ಗೀಗೀ ಪದಕ್ಕೆ ಒಂದೇ ಕಟ್ಟೆಯ ಮೇಲೆ ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಗಂಡೇ ಹೆಚ್ಚು ಎಂದು ಹಾಡಬೇಕು, ನಾಗೇಶಿಯವರು ಹೆಣ್ಣೇ ಹೆಚ್ಚು ಎಂದು. ಒಬ್ಬರು ಹಾಡಿನಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ನಿಂತ ಕಾಲ ಮೇಲೆ ಹಾಡು ಕಟ್ಟಿ ಜವಾಬು ಕೊಡಬೇಕು. ಕೊಡದೆ, ಕೈಯಲ್ಲಿ ಬಡಿಯುವ ದಪ್ಪು ಕೆಳಗಿಟ್ಟರೆ ಸೋತ ಹಾಗೆ. ನಾನು ನಾಗೇಶಿ, ಅವನು ನನ್ನ ಹರದೇಶಿ.

ನನ್ನ ಮೂಗು, ನನ್ನ ನಡಿಗೆ, ನಾನು ಬಡಿಯುವ ರೊಟ್ಟಿ, ಯಾವುದನ್ನೂ ಅವನು ಬಿಟ್ಟವನಲ್ಲ. ನಾನೇನು ಕಡಿಮೆ? "ಕೂಗಿ ಬೆಳಗ ಮಾಡ್ತೇನಂತಿ ಹುಂಜಾ, ತತ್ತಿ ಇಟ್ಟಾಕಿ ಯಾರೋ?" ಎಂದು ಹಾಡಿದಾಗ ಅವನ ಮೇಳದವರೇ ನಕ್ಕು ತಾಳ ತಪ್ಪಿದ್ದರು. ಕಟ್ಟೆ ಇಳಿದು ಮಿರ್ಚಿ ತಿನ್ನುವಾಗಲೂ ಜಗಳವೇ. "ಏ ಬೇ, ಮೂರನೇ ನುಡಿಗೆ ಪ್ರಾಸ ಎಲ್ಲಿ ಕಳಕೊಂಡಿ?" ಅಂತ ಕೆಣಕುತ್ತಿದ್ದ. ನನ್ನನ್ನು ಕಟ್ಟಿಕೊಂಡ ಗಂಡ ಕೂಡ ನನ್ನ ಮಾತಿಗೆ ಅಷ್ಟು ಕಿವಿಗೊಟ್ಟವನಲ್ಲ. ಇವನು ತಪ್ಪು ಹುಡುಕುವುದಕ್ಕಾದರೂ ಒಂದೊಂದು ಅಕ್ಷರ ಕೇಳುತ್ತಿದ್ದ.

ಅಂಥವನನ್ನು ಕುಮಟಾ ಕಡೆಯ ಯಾರೋ ರೆಕಾರ್ಡಿಂಗಿನವರು ಕರೆದುಕೊಂಡು ಹೋದರು. ಕಡಲ ದಂಡೆಯ ಉಸುಕಿನ ಮೇಲೆ ಕೂರಿಸಿ, ಕೈಯಿಂದ ದಪ್ಪು ಬಿಡಿಸಿ, ಗಾಳಿ ಬೀಸಿದ ಹಾಗೆ ಹಾಡು ಅಂದರಂತೆ. ಯರಿ ಹೊಲದ ಬಿಸಿಲಿಗೆ ಬೆಂದ ಗಂಟಲು ಎಳನೀರು ಕುಡಿದು ಮೆತ್ತಗಾಯಿತು. ಆ ಆಲ್ಬಮ್ಮಿನ ಹಾಡೆಲ್ಲ ಅವನು ಸ್ವಂತ ಕಟ್ಟಿದ್ದೇ, ಅದರಲ್ಲಿ ಸುಳ್ಳಿಲ್ಲ. "ಅಲೆಯೇ ಮೆಲ್ಲಗ ಬಾ, ನನಗೇನ ಅವಸರಿಲ್ಲ" ಅನ್ನುವುದು ಹುಬ್ಬಳ್ಳಿ ಬಸ್ಸಿನಲ್ಲೂ ಬಂತು, ಲಗ್ನದ ಮನೆಗಳಲ್ಲೂ ಬಂತು. ಗೀಗೀ ಪದಕ್ಕೆ ಕರೆಯಲು ಹೋದವರಿಗೆ ಮಾತ್ರ ಪುರಸೊತ್ತಿಲ್ಲ ಅಂದನಂತೆ. ಅವಸರವೂ ಇಲ್ಲ, ಪುರಸೊತ್ತೂ ಇಲ್ಲ!

ಹರದೇಶಿ ಇಲ್ಲದ ನಾಗೇಶಿಯನ್ನು ಯಾರು ಕರೆಯುತ್ತಾರೆ? ಬೇರೆ ಮೇಳದವರ ಎದುರು ನಿಂತು ನೋಡಿದೆ. ಸವಾಲು ಹಾಕಿದರೆ ಶಾಲೆ ಹುಡುಗರ ಹಾಗೆ ಬಾಯಿಪಾಠ ಒಪ್ಪಿಸಿದರು. ನನ್ನ ಹಾಡು ಮೊಂಡಾಗುತ್ತ ಬಂತು. ಅದಕ್ಕೆ ಕಾರಣ ಅವನೇ ಎಂದು ಅವನನ್ನು ಮನಸಾರೆ ದ್ವೇಷಿಸಿದೆ.

ಹೋದ ಚಳಿಗಾಲ ಕುಂದಗೋಳದಲ್ಲಿ ಅವನಿಗೆ ಸತ್ಕಾರ ಇಟ್ಟರು, ಹಳೆಯ ಜೊತೆಗಾರ್ತಿ ಎಂದು ನನ್ನನ್ನೂ ಕರೆದರು. ನನಗೆ ಬೇಕಾದದ್ದು ಒಂದೇ. ಅವನು ಮತ್ತೊಮ್ಮೆ ನನ್ನೆದುರು ನಿಂತು ಜವಾಬು ಕೊಡಬೇಕು. ಅವನ ಕಡಲ ಹಾಡು ಮುಗಿದು ಚಪ್ಪಾಳೆ ಇಳಿಯುವ ಮೊದಲೇ ನಾನು ದಪ್ಪು ಹಿಡಿದು ಎದ್ದು ನಿಂತೆ.

"ಸಮುದ್ರರಾಜ ದೊಡ್ಡಾಂವಂತ ಹಾಡಿದಿ, ಅವನ ನೀರು ಕುಡದೀಯೇನೋ? ಭೂಮಿತಾಯಿ ಮಡಿಲಾಗ ಕೆರಿ ತುಂಬಿ ಕೊಟ್ಟಾಳ, ದೊಡ್ಡವರ್ಯಾರೋ ಜಾಣಾ?"

ಹೊಸ ಸವಾಲು, ಅವನಿಗೆಂದೇ ಕಟ್ಟಿದ್ದು. ಇಂಥದಕ್ಕೆ ಅವನ ಕಣ್ಣು ಹೇಗೆ ಕಿಡಿಕಾರುತ್ತಿತ್ತು ಎಂದು ನನಗೆ ಗೊತ್ತಿತ್ತು. ಅಂದು ಅವನು ಕಣ್ಣು ಮುಚ್ಚಿಕೊಂಡು ತಲೆದೂಗಿದ. ಗಿಟಾರಿನ ಹುಡುಗ ನನ್ನ ಹಿಂದೆ ತಂತಿ ಮೀಟತೊಡಗಿದ. ಜನ ಇದೆಲ್ಲ ಮೊದಲೇ ಗೊತ್ತುಮಾಡಿದ್ದು ಅಂದುಕೊಂಡು ಮೊಬೈಲು ಎತ್ತಿ ಹಿಡಿದರು.

ಪದ ಮುಗಿಸಿ ನಾನು ಕಾದೆ. ಅವನು ದಪ್ಪು ಕೇಳಲಿಲ್ಲ, ಮೈಕು ತೆಗೆದುಕೊಂಡ. "ಅಕ್ಕಾರ ದನಿ ಕೇಳಿದ್ರಲ್ರಿ. ಇಂಥವರು ನಮ್ಮ ನಾಡಿನ ಆಸ್ತಿ. ಎಲ್ಲಾರೂ ಜೋರಾಗಿ ಚಪ್ಪಾಳಿ ಹೊಡೀರಿ," ಅಂದ. ತನಗೆ ಹೊದಿಸಿದ್ದ ಶಾಲನ್ನು ತೆಗೆದು ನನ್ನ ಹೆಗಲಿಗೆ ಹಾಕಿದ.

"ಜವಾಬು ಎಲ್ಲೈತಿ?" ಎಂದು ಅವನಿಗಷ್ಟೇ ಕೇಳುವಂತೆ ಅಂದೆ.

"ಈಗ ಅದೆಲ್ಲಾ ಯಾಕ್ರಿ ಅಕ್ಕಾರ? ಭಾಳ ಛಲೋ ಹಾಡಿದ್ರಿ."

ಎರಡನೇ ಸಾಲಿನಲ್ಲಿ ನಾನು ಒಂದು ಮಾತ್ರೆ ತಪ್ಪಿದ್ದೆ. ಮೊದಲಿನ ಅವನಾಗಿದ್ದರೆ ಅದನ್ನೇ ಹಿಡಿದು ಇಡೀ ಕುಂದಗೋಳದೆದುರು ನನ್ನ ಮಾನ ಕಳೆಯುತ್ತಿದ್ದ.